ಹಳೇ ಸ್ಪೀಕರ್ ಜೋಡಿನ ಮತ್ತೆ ಜೋಡಿ ಮಾಡಿದ್ದು

ಹಳೇ ಸ್ಪೀಕರ್ ಕೈಗೆ ಬಂತು ಅಂದ್ರೆ ಸಾಕು, ಎಲ್ಲರೂ ಕೊಡೋ ಸಲಹೆ ಒಂದೇ, ಮೊದ್ಲು ಕ್ರಾಸ್‌ಓವರ್ (ಸಿಗ್ನಲ್‌ನ ಫ್ರೀಕ್ವೆನ್ಸಿ ಪ್ರಕಾರ ಹಂಚೋ ಸರ್ಕ್ಯೂಟ್) ಬಿಚ್ಚಿ ಕೆಪಾಸಿಟರ್ ಎಲ್ಲಾ ಕಿತ್ತು ಒಳ್ಳೇದು ಹಾಕ್ಬಿಡಿ ಅಂತ. ನನಗೆ ಈ ಸಲಹೆ ಒಪ್ಪಿಗೆ ಇಲ್ಲ. ಕೆಪಾಸಿಟರ್ ಬದಲಾಯಿಸೋದು ತಪ್ಪು ಅಂತಲ್ಲ, ಆದರೆ ಅದು ಕೊನೇಲಿ ಮಾಡೋ ಕೆಲಸ. ಡ್ರೈವರ್‌ಗಳು, ಅಂದ್ರೆ ಬಾಕ್ಸ್‌ನಲ್ಲಿ ಸದ್ದು ಹೊರಡಿಸೋ ಒಂದೊಂದು ಘಟಕ, ಯಾವ ಸ್ಥಿತೀಲಿವೆ ಅಂತಾನೇ ಗೊತ್ತಿಲ್ಲದೆ ಅದರ ಮುಂದಿರೋ ಕ್ರಾಸ್‌ಓವರ್ ಮುಟ್ಟಿದ್ರೆ, ಆಮೇಲೆ ಸೌಂಡ್ ಬದಲಾದಾಗ ಯಾವುದರಿಂದ ಬದಲಾಯ್ತು ಅಂತ ಹೇಳೋಕೇ ಆಗಲ್ಲ.

ನನ್ನ ಹತ್ರ ಇರೋದು 70ರ ದಶಕದ ಕೊನೆಯ ಒಂದು ಜೋಡಿ ತ್ರೀ-ವೇ ಸ್ಪೀಕರ್. ಬಾಸ್‌ಗೆ 10 ಇಂಚಿನ ವೂಫರ್, ನಡುವಿನ ಸದ್ದಿಗೆ 5 ಇಂಚಿನ ಪೇಪರ್ ಕೋನ್ ಮಿಡ್‌ರೇಂಜ್, ಮೇಲಿನ ಚೂಪು ಸದ್ದಿಗೆ 1 ಇಂಚಿನ ಬಟ್ಟೆ ಡೋಮ್ ಟ್ವೀಟರ್, ಪೂರ್ತಿ ಮುಚ್ಚಿದ ಸೀಲ್ಡ್ ಬಾಕ್ಸ್, ಹಿಂದೆ ಮಿಡ್‌ಗೊಂದು ಟ್ವೀಟರ್‌ಗೊಂದು ಲೆವೆಲ್ ತಿರುಗಿಸೋ ನಾಬ್. ಮೋನೋ ರೆಕಾರ್ಡಿಂಗ್ ಒಂದನ್ನ ಹಾಕಿ ಸರಿಯಾಗಿ ಮಧ್ಯದಲ್ಲಿ ಕೂತ್ರೆ ಹಾಡೋರ ಧ್ವನಿ ಎಡಕ್ಕೆ ಜಾರಿರ್ತಿತ್ತು, ಬಲಗಡೆ ಸ್ಪೀಕರ್‌ನಲ್ಲಿ ತಾಳ, ಸಿಂಬಲ್ ಎಲ್ಲಾ ಮಂಕು ಮಂಕು. ಫ್ಯಾಕ್ಟರಿಯಿಂದ ಬಂದಾಗ ಎರಡೂ ಒಂದೇ ಥರ ಇದ್ದ ಸ್ಪೀಕರ್‌ಗಳು ಇವು, ನಲವತ್ತಕ್ಕೂ ಹೆಚ್ಚು ವರ್ಷದಲ್ಲಿ ಒಂದೊಂದೂ ತನ್ನದೇ ರೀತೀಲಿ ಮುದಿಯಾಗಿವೆ. ಹಾಗಾಗಿ ನಾನು ಇಟ್ಕೊಂಡ ಗುರಿ, ಡಿಸೈನ್ ಮಾಡಿದವರಿಗಿಂತ ಚೆನ್ನಾಗಿ ಮಾಡ್ತೀನಿ ಅನ್ನೋದಲ್ಲ, ಇವೆರಡನ್ನ ಮತ್ತೆ ಒಂದರ ಥರ ಇನ್ನೊಂದು ಇರೋ ಹಾಗೆ ಮಾಡೋದು. ಸ್ಟೀರಿಯೋದಲ್ಲಿ ಧ್ವನಿ ಮಧ್ಯದಲ್ಲಿ ನಿಲ್ಲೋದು ಎರಡೂ ಕಡೆ ಒಂದೇ ಥರ ಬಂದಾಗ ಮಾತ್ರ, ಎಷ್ಟೇ ದುಬಾರಿ ಪಾರ್ಟ್ ಹಾಕಿದ್ರೂ ಈ ಹೊಂದಾಣಿಕೆ ಇಲ್ದಿದ್ರೆ ಅದು ಬರಲ್ಲ.

ಬಿಚ್ಚೋಕೆ ಮುಂಚೆ ಪ್ರತಿ ವೈರ್‌ಗೂ ಫೋಟೋ, ಪ್ರತಿ ಡ್ರೈವರ್ ಹಿಂದೆ ಪೆನ್ಸಿಲ್‌ನಲ್ಲಿ ಎಡ ಬಲ ಅಂತ ಗುರುತು. ಇದನ್ನ ಸೋಮಾರಿತನದಿಂದ ಬಿಡ್ಬೇಡಿ. ಯಾಕಂದ್ರೆ ಹಳೇ ತ್ರೀ-ವೇಗಳಲ್ಲಿ ಮಿಡ್‌ರೇಂಜ್‌ನ ಪ್ಲಸ್ ಮೈನಸ್ ಬೇಕಂತಲೇ ಉಲ್ಟಾ ಕೊಟ್ಟಿರೋದು ಸಾಮಾನ್ಯ, ಸೆಕೆಂಡ್ ಆರ್ಡರ್ ಅನ್ನೋ ಬಗೆಯ ಕ್ರಾಸ್‌ಓವರ್‌ನಲ್ಲಿ ಲೋ-ಪಾಸ್ (ಕೆಳಗಿನ ಫ್ರೀಕ್ವೆನ್ಸಿ ಬಿಡೋದು) ಮತ್ತು ಹೈ-ಪಾಸ್ (ಮೇಲಿನದನ್ನ ಬಿಡೋದು) ಎರಡರ ನಡುವೆ 180 ಡಿಗ್ರಿ ಫೇಸ್ ವ್ಯತ್ಯಾಸ ಬರುತ್ತೆ, ಅಂದ್ರೆ ಒಂದು ಹೊರಗೆ ತಳ್ಳೋವಾಗ ಇನ್ನೊಂದು ಒಳಗೆ ಎಳೆಯುತ್ತೆ, ಅದಕ್ಕೆ ಒಂದು ಡ್ರೈವರ್ ತಿರುಗಿಸಿ ಕೊಟ್ಟಿರ್ತಾರೆ, ಅದನ್ನ ನೋಡಿ "ಅಯ್ಯೋ ಯಾರೋ ತಪ್ಪಾಗಿ ಜೋಡಿಸಿದ್ದಾರೆ" ಅಂತ ಸರಿ ಮಾಡೋಕೆ ಹೋದ್ರೆ ಕ್ರಾಸ್‌ಓವರ್ ಜಾಗದಲ್ಲಿ, ಅಂದ್ರೆ ಎರಡು ಡ್ರೈವರ್ ಸೇರೋ ಫ್ರೀಕ್ವೆನ್ಸೀಲಿ, ಸದ್ದಿಗೆ ದೊಡ್ಡ ಗುಂಡಿ ಬೀಳುತ್ತೆ. ವೂಫರ್ ಪೋಲಾರಿಟಿ (ಯಾವ ಟರ್ಮಿನಲ್ ಪ್ಲಸ್ ಅಂತ) ನೋಡೋಕೆ 1.5 ವೋಲ್ಟ್ ಬ್ಯಾಟರಿ ಒಂದು ಕ್ಷಣ ಮುಟ್ಟಿಸಿದ್ರೆ ಸಾಕು, ಪ್ಲಸ್‌ಗೆ ಪ್ಲಸ್ ಕೊಟ್ಟಾಗ ಕೋನ್ ಹೊರಗೆ ಬರಬೇಕು. ಇದು ಎಲ್ಲಾ ಕಂಪನಿಗೂ ಅನ್ವಯ ಆಗಲ್ಲ, ಹಳೇ ಜೆಬಿಎಲ್ ಡ್ರೈವರ್‌ಗಳಲ್ಲಿ ಕೆಂಪು ಟರ್ಮಿನಲ್‌ಗೆ ಪ್ಲಸ್ ಕೊಟ್ರೆ ಕೋನ್ ಒಳಗೆ ಹೋಗುತ್ತೆ, ಅವರ ಪದ್ಧತಿನೇ ಹಾಗಿತ್ತು. ಟ್ವೀಟರ್‌ಗೆ ಮಾತ್ರ ಬ್ಯಾಟರಿ ಮುಟ್ಟಿಸ್ಬೇಡಿ, ಆ ಕೂದಲಿನಂಥ ವೈರ್‌ಗೆ ಡಿಸಿ ಕೊಡೋದು ಒಳ್ಳೇದಲ್ಲ.

ಅಳತೆಗೆ ದೊಡ್ಡ ಲ್ಯಾಬ್ ಏನೂ ಬೇಡ. ಹೆಡ್‌ಫೋನ್ ಔಟ್‌ಪುಟ್ ಮತ್ತು ಎರಡು ಲೈನ್ ಇನ್‌ಪುಟ್ ಇರೋ ಒಂದು ಯುಎಸ್‌ಬಿ ಸೌಂಡ್ ಕಾರ್ಡ್, ಒಂದು 100 ಓಮ್ ರೆಸಿಸ್ಟರ್, ಒಂದಿಷ್ಟು ವೈರ್, ಕ್ರೊಕೊಡೈಲ್ ಕ್ಲಿಪ್, ಮತ್ತೆ ರೂಮ್ ಈಕ್ಯೂ ವಿಝಾರ್ಡ್ ಅನ್ನೋ ಸಾಫ್ಟ್‌ವೇರ್. ಹೆಡ್‌ಫೋನ್ ಔಟ್‌ನಿಂದ ಸಿಗ್ನಲ್ ರೆಸಿಸ್ಟರ್ ಮೂಲಕ ಡ್ರೈವರ್‌ಗೆ ಹೋಗುತ್ತೆ, ಒಂದು ಇನ್‌ಪುಟ್ ರೆಸಿಸ್ಟರ್‌ನ ಈ ಕಡೆ, ಇನ್ನೊಂದು ಆ ಕಡೆ ನೋಡುತ್ತೆ, ಎರಡರ ಅನುಪಾತದಿಂದ ಪ್ರತಿ ಫ್ರೀಕ್ವೆನ್ಸೀಲೂ ಡ್ರೈವರ್‌ನ ಇಂಪೀಡೆನ್ಸ್, ಅಂದ್ರೆ ಆ ಸಿಗ್ನಲ್‌ಗೆ ಅದು ಒಡ್ಡೋ ತಡೆ, ಎಷ್ಟು ಅಂತ ಗ್ರಾಫ್ ಬರುತ್ತೆ. ಮೊದಲು ಕ್ಲಿಪ್ ಏನಕ್ಕೂ ಹಾಕದೆ ಒಂದು ಸಲ, ಎರಡೂ ಕ್ಲಿಪ್ ಮುಟ್ಟಿಸಿ ಒಂದು ಸಲ, ಎಷ್ಟು ಓಮ್ ಅಂತ ಸರಿಯಾಗಿ ಗೊತ್ತಿರೋ ರೆಸಿಸ್ಟರ್ ಹಾಕಿ ಒಂದು ಸಲ ಕ್ಯಾಲಿಬ್ರೇಟ್ ಮಾಡ್ಬೇಕು. ಇಷ್ಟಾದ್ರೆ ಸಿಗೋ ಗ್ರಾಫ್ ನಂಬೋಕೆ ಆಗುತ್ತೆ.

ಈ ಇಂಪೀಡೆನ್ಸ್ ಗ್ರಾಫ್ ನನಗೆ ತುಂಬಾ ಇಷ್ಟದ ವಿಷಯ, ಯಾಕಂದ್ರೆ ಡ್ರೈವರ್‌ನ ಆರೋಗ್ಯ ಎಲ್ಲಾ ಅದರಲ್ಲೇ ಕಾಣುತ್ತೆ, ವೈದ್ಯರು ನಾಡಿ ಹಿಡಿದು ನೋಡಿದ ಹಾಗೆ. ಡ್ರೈವರ್‌ನ ಸಹಜ ರೆಸೊನೆನ್ಸ್ (ಅದು ತಾನಾಗೇ ಜಾಸ್ತಿ ಕಂಪಿಸೋ ಫ್ರೀಕ್ವೆನ್ಸಿ) ಇರೋ ಜಾಗದಲ್ಲಿ ಒಂದು ಗೋಪುರ ಏಳುತ್ತೆ, ಅದು ಎಲ್ಲಿದೆ, ಎಷ್ಟು ಎತ್ತರ, ಎಷ್ಟು ಅಗಲ ಅನ್ನೋದ್ರಿಂದ ಎಫ್‌ಎಸ್ (ರೆಸೊನೆನ್ಸ್ ಫ್ರೀಕ್ವೆನ್ಸಿ), ಕ್ಯೂಟಿಎಸ್ (ಆ ಕಂಪನಕ್ಕೆ ಎಷ್ಟು ಹಿಡಿತ ಇದೆ ಅನ್ನೋ ನಂಬರ್) ಎಲ್ಲಾ ಲೆಕ್ಕ ಹಾಕ್ತಾರೆ. ನೆವಿಲ್ ಥೀಲ್ 1961ರಲ್ಲಿ ಆಸ್ಟ್ರೇಲಿಯಾದಲ್ಲಿ ಬರೆದ ಲೇಖನ, ಆಮೇಲೆ ರಿಚರ್ಡ್ ಸ್ಮಾಲ್ 70ರ ದಶಕದ ಶುರುವಲ್ಲಿ ಮುಂದುವರಿಸಿದ ಕೆಲಸ, ಇವೆರಡರಿಂದ ಬಂದ ಲೆಕ್ಕ ಇದು, ಅದಕ್ಕೇ ಥೀಲ್-ಸ್ಮಾಲ್ ಪ್ಯಾರಾಮೀಟರ್ ಅಂತ ಹೆಸರು. ಬರೀ ಮಲ್ಟಿಮೀಟರ್ ಹಿಡಿದ್ರೆ ವಾಯ್ಸ್ ಕಾಯಿಲ್‌ನ (ಕೋನನ್ನ ಆಡಿಸೋ ತಂತಿ ಸುರುಳಿ) ಡಿಸಿ ರೆಸಿಸ್ಟೆನ್ಸ್ ಮಾತ್ರ ಸಿಗುತ್ತೆ. ನನ್ನ ವೂಫರ್‌ಗಳು 6.2 ಮತ್ತು 6.3 ಓಮ್ ತೋರಿಸಿದ್ವು, 8 ಓಮ್ ಅಂತ ಬರೆದಿರೋ ಡ್ರೈವರ್‌ಗೆ ಇದು ಸರಿಯಾದ ನಂಬರ್, ಅಂದ್ರೆ ಕಾಯಿಲ್ ಸುಟ್ಟಿಲ್ಲ, ಅಷ್ಟೇ ಗೊತ್ತಾಗೋದು.

ವೂಫರ್‌ನ ಸರೌಂಡ್, ಅಂದ್ರೆ ಕೋನ್‌ನ ಅಂಚನ್ನ ಫ್ರೇಮ್‌ಗೆ ಸೇರಿಸೋ ಮೆತ್ತನೆ ಬಳೆ, ಫೋಮ್‌ದು. ಪಾಲಿಯುರೆಥೇನ್ ಫೋಮ್ ಗಾಳಿ, ತೇವ ಕುಡಿದು ಕುಡಿದು ತಾನಾಗೇ ಕೊಳೆಯುತ್ತೆ, ಸ್ಪೀಕರ್ ಬಳಸಿದ್ರೂ ಅಷ್ಟೇ ಬಳಸದಿದ್ರೂ ಅಷ್ಟೇ. ಬೆರಳಿಟ್ಟರೆ ಕಪ್ಪು ಜಿಡ್ಡಾಗಿ ಅಂಟ್ಕೊಳ್ತಿತ್ತು. ಅದನ್ನ ತೆಗೆದು ಹೊಸದು ಅಂಟಿಸ್ಬೇಕು, ರೀಫೋಮ್ ಅಂತ ಕರೆಯೋದು ಇದನ್ನೇ. ರಬ್ಬರ್ ಹಾಕಿದ್ರೆ ಜಾಸ್ತಿ ಬಾಳಿಕೆ ಅಂತ ಹೇಳ್ತಾರೆ, ಬಾಳಿಕೆ ನಿಜ, ಆದರೆ ರಬ್ಬರ್ ಭಾರ ಜಾಸ್ತಿ, ಗಡಸುತನನೂ ಬೇರೆ, ರೆಸೊನೆನ್ಸ್ ಜಾಗ ಬದಲಾಗುತ್ತೆ, ಹಾಗಾಗಿ ನಾನು ಫೋಮ್‌ನಲ್ಲೇ ಉಳಿದೆ, ರೋಲ್‌ನ ಅಗಲ, ಕೋನ್‌ಗೆ ಅಂಟೋ ಅಂಚಿನ ಇಳಿಜಾರು ಎರಡೂ ಹಳೇದಕ್ಕೆ ಹೊಂದೋ ಥರದ್ದೇ ಹುಡುಕಿ ತಗೊಂಡೆ.

ಇಡೀ ಕೆಲಸದಲ್ಲಿ ತಾಳ್ಮೆ ಬೇಕಾಗೋದು ಹಳೇ ಅಂಟು ತೆಗೆಯೋವಾಗ. ಐಸೊಪ್ರೊಪೈಲ್ ಆಲ್ಕೋಹಾಲ್ ಹತ್ತಿಗೆ ಹಾಕಿ ಒದ್ದೆ ಮಾಡಿ, ಸ್ವಲ್ಪ ಬಿಟ್ಟು, ಮೊಂಡು ಚಾಕುವಿನಿಂದ ಕೆರೆದು, ಮತ್ತೆ ಒದ್ದೆ ಮಾಡಿ, ಪೇಪರ್ ಕೋನ್ ನೆನೆದು ಮೆತ್ತಗಾಗದ ಹಾಗೆ ನೋಡ್ಕೊಂಡು, ಸುತ್ತಲೂ ಹೀಗೇ ಹೋಗ್ಬೇಕು, ಅಂಟಿನ ಒಂದು ಗಂಟು ಉಳಿದ್ರೂ ಹೊಸ ಫೋಮ್ ಅಲ್ಲಿ ಎದ್ದು ನಿಲ್ಲುತ್ತೆ ಆಮೇಲೆ ಕೋನ್ ಒಂದು ಕಡೆಗೆ ವಾಲುತ್ತೆ. ಮೊದಲು ಫೋಮ್‌ನ ಒಳ ಅಂಚು ಕೋನ್‌ಗೆ ಅಂಟಿಸಿ ಒಣಗಿಸಿದೆ. ಹೊರ ಅಂಚು ಫ್ರೇಮ್‌ಗೆ ಅಂಟಿಸೋವಾಗ ವಾಯ್ಸ್ ಕಾಯಿಲ್ ಮ್ಯಾಗ್ನೆಟ್‌ನ ಗ್ಯಾಪ್‌ನಲ್ಲಿ ನಟ್ಟ ನಡುವೆ ಇರಬೇಕು, ಇದಕ್ಕೆ ಎರಡು ದಾರಿ. ಕೋನ್ ನಡುವಿನ ಮುಚ್ಚಳ ಅಂದ್ರೆ ಡಸ್ಟ್ ಕ್ಯಾಪ್ ಕತ್ತರಿಸಿ ಕಾಯಿಲ್ ಸುತ್ತ ತೆಳು ಪ್ಲಾಸ್ಟಿಕ್ ಪಟ್ಟಿ ತೂರಿಸೋದು ಒಂದು, ಇಲ್ಲಾಂದ್ರೆ ಅಂಟು ಹಸಿ ಇರೋವಾಗ 30 ಹರ್ಟ್ಜ್‌ನ ಸಣ್ಣ ಟೋನ್ ಕೊಟ್ಟು, ಕೋನ್ ಮೆಲ್ಲಗೆ ಆಡ್ತಾ ಇರೋವಾಗ ಕೆರೆಯೋ ಸದ್ದು ಇಲ್ಲದ ಜಾಗ ಹುಡುಕಿ ಅಲ್ಲಿ ಕೂರಿಸೋದು ಇನ್ನೊಂದು. ಒರಿಜಿನಲ್ ಡಸ್ಟ್ ಕ್ಯಾಪ್ ಕತ್ತರಿಸೋಕೆ ಮನಸ್ಸು ಬರಲಿಲ್ಲ, ಎರಡನೇ ದಾರೀಲೇ ಮಾಡಿದೆ. ಕಿವಿ ಕೋನ್ ಹತ್ರ ಇಟ್ಟು ಕೇಳಿದ್ರೆ ಕೆರೆತ ಸ್ಪಷ್ಟವಾಗಿ ಗೊತ್ತಾಗುತ್ತೆ, ನೀರಿನಲ್ಲಿ ಕರಗೋ ಬಿಳೀ ಅಂಟು ಬಳಸಿದ್ರೆ ಸರಿಪಡಿಸೋಕೆ ಸಮಯನೂ ಸಿಗುತ್ತೆ. ಆಮೇಲೆ 24 ಗಂಟೆ ಮುಟ್ಟಲೇಬಾರದು.

ಒಣಗಿದ ಮೇಲೆ ಮೊದಲ ಅಳತೇಲಿ ಎರಡೂ ವೂಫರ್‌ನ ರೆಸೊನೆನ್ಸ್ 32 ಹರ್ಟ್ಜ್ ಹತ್ರ ಬಂತು, ಹೊಸ ಫೋಮ್ ಇನ್ನೂ ಬಿಗಿ. ಕಡಿಮೆ ಫ್ರೀಕ್ವೆನ್ಸಿ ಟೋನ್‌ನಲ್ಲಿ ಒಂದು ರಾತ್ರಿ ಆಡಿಸಿದ ಮೇಲೆ ಎಡಗಡೇದು 27.5, ಬಲಗಡೇದು 29 ಹರ್ಟ್ಜ್‌ಗೆ ಇಳೀತು. ಕ್ಯೂಟಿಎಸ್ 0.42ರ ಆಸುಪಾಸು. ವಿಎಎಸ್ (ಡ್ರೈವರ್‌ನ ಸಸ್ಪೆನ್ಶನ್‌ನಷ್ಟೇ ಸ್ಪ್ರಿಂಗ್ ಬಲ ಕೊಡೋ ಗಾಳಿ ಎಷ್ಟು ಲೀಟರ್ ಅಂತ) ತಿಳಿಯೋಕೆ ಡಸ್ಟ್ ಕ್ಯಾಪ್ ಸುತ್ತ ಮೆತ್ತನೆ ಜೇಡಿಯಂಥ ಅಂಟು 30 ಗ್ರಾಂ ತೂಗಿ ಅಂಟಿಸಿದೆ, ರೆಸೊನೆನ್ಸ್ 27.5ರಿಂದ 21ರ ಹತ್ರಕ್ಕೆ ಬಿತ್ತು, ಆ ಇಳಿಕೆಯಿಂದ ಕೋನ್‌ನ ತೂಕ ಸುಮಾರು 45 ಗ್ರಾಂ, ವಿಎಎಸ್ 115 ಲೀಟರ್ ಅಂತ ಲೆಕ್ಕ ಸಿಕ್ತು.

ಈಗ ಎಡ ಬಲ 1.5 ಹರ್ಟ್ಜ್ ವ್ಯತ್ಯಾಸ ಇದೆಯಲ್ಲ ಅಂತ ತಲೆ ಕೆಡಿಸ್ಕೋಬೇಕಾ? ಇಲ್ಲ. ಎಡ್ಗರ್ ವಿಲ್ಚರ್ 1954ರಲ್ಲಿ ಎಆರ್-1 ಸ್ಪೀಕರ್ ಮೂಲಕ ತಂದ ಅಕೌಸ್ಟಿಕ್ ಸಸ್ಪೆನ್ಶನ್ ಅನ್ನೋ ವಿಚಾರದ ಚಂದವೇ ಇದು, ಸರೌಂಡ್, ಸ್ಪೈಡರ್ (ಕಾಯಿಲನ್ನ ನಡುವೆ ಹಿಡಿದಿಡೋ ಸುಕ್ಕು ಬಟ್ಟೆ) ಎಲ್ಲಾ ತುಂಬಾ ಸಡಿಲ ಇಟ್ಟು, ಮುಚ್ಚಿದ ಬಾಕ್ಸ್ ಒಳಗಿನ ಗಾಳಿನೇ ಸ್ಪ್ರಿಂಗ್ ಆಗಿ ಕೆಲಸ ಮಾಡೋ ಹಾಗೆ ಮಾಡೋದು. ನನ್ನ ಬಾಕ್ಸ್ ಒಳಗೆ 45 ಲೀಟರ್. ಲೆಕ್ಕ ಹಾಕಿದ್ರೆ ಬಾಕ್ಸ್‌ಗೆ ಹಾಕಿದ ಮೇಲೆ ಎಡಗಡೆ ಸುಮಾರು 52 ಹರ್ಟ್ಜ್, ಬಲಗಡೆ ಅದಕ್ಕಿಂತ ಮುಕ್ಕಾಲು ಹರ್ಟ್ಜ್‌ನಷ್ಟು ಮಾತ್ರ ಜಾಸ್ತಿ. ಹೊರಗಿದ್ದ ವ್ಯತ್ಯಾಸದ ಅರ್ಧನ ಗಾಳಿಯೇ ನುಂಗಿ ಹಾಕುತ್ತೆ, ಇದನ್ನ ಕಾಗದದ ಮೇಲೆ ನೋಡಿದಾಗ ನಿಜವಾಗ್ಲೂ ಖುಷಿ ಆಯ್ತು.

ಆದರೆ ಇದರ ಇನ್ನೊಂದು ಮುಖ, ಬಾಕ್ಸ್‌ನಲ್ಲಿ ಗಾಳಿ ಸೋರಿದ್ರೆ ಎಲ್ಲಾ ಲೆಕ್ಕ ಹಾಳು. ವೂಫರ್ ಕೂರಿಸಿ ಅಳೆದಾಗ ಎಡಗಡೇದು ಹೇಳಿದ ಹಾಗೆ ಚೂಪಾದ ಒಂದೇ ಗೋಪುರ. ಬಲಗಡೆ ಗೋಪುರ ಕುಳ್ಳಗೆ ಅಗಲವಾಗಿ, ಅದರ ಕೆಳಗಿನ ಫ್ರೀಕ್ವೆನ್ಸೀಲಿ ಇನ್ನೊಂದು ಸಣ್ಣ ಉಬ್ಬು. ಮುಚ್ಚಿದ ಬಾಕ್ಸ್‌ನಲ್ಲಿ ಎರಡನೇ ಉಬ್ಬು ಬಂದ್ರೆ ಎಲ್ಲೋ ತೂತು ಇದೆ ಅಂತಾನೇ ಅರ್ಥ. ಕೋನ್ ನಾಲ್ಕೂ ಕಡೆ ಬೆರಳಿಟ್ಟು ಮೆಲ್ಲಗೆ ಒತ್ತಿ ಬಿಟ್ಟು ನೋಡಿದೆ, ಎಡಗಡೇದು ನಿಧಾನಕ್ಕೆ ವಾಪಸ್ ಬರ್ತಿತ್ತು, ಬಲಗಡೇದು ಟಕ್ ಅಂತ ಬರ್ತಿತ್ತು. ಹಿಂದಿನ ಟರ್ಮಿನಲ್ ಪ್ಲೇಟ್ ಕೆಳಗಿನ ಗ್ಯಾಸ್ಕೆಟ್ ಒಣಗಿ ಪುಡಿಯಾಗಿತ್ತು. ಹೊಸ ಫೋಮ್ ಟೇಪ್ ಹಾಕಿ ಬಿಗಿ ಮಾಡಿದ ಮೇಲೆ ಎರಡೂ ಗ್ರಾಫ್ ಒಂದರ ಮೇಲೊಂದು ಕೂತ್ವು. ಅಂದ ಹಾಗೆ ವೂಫರ್ ವಾಪಸ್ ಹಾಕೋವಾಗ 180 ಡಿಗ್ರಿ ತಿರುಗಿಸಿ ಹಾಕಿದೆ, ಇಷ್ಟು ವರ್ಷ ಭಾರಕ್ಕೆ ಒಂದೇ ಕಡೆ ಜಗ್ಗಿರೋ ಸ್ಪೈಡರ್ ಇನ್ನು ಮೇಲೆ ಇನ್ನೊಂದು ಕಡೆಗೆ ಜಗ್ಗಲಿ ಅಂತ.

ಮಿಡ್‌ರೇಂಜ್ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಬಟ್ಟೆ ಸರೌಂಡ್, ಎರಡರ ಗ್ರಾಫೂ ಒಂದೇ, ಧೂಳು ಒರೆಸಿ ಪಕ್ಕಕ್ಕಿಟ್ಟೆ.

ಟ್ವೀಟರ್‌ನಲ್ಲಿ ನಿಜವಾದ ಕಥೆ ಇತ್ತು. ಎಡಗಡೆ ಟ್ವೀಟರ್‌ಗೆ 1.1 ಕಿಲೋಹರ್ಟ್ಜ್ ಹತ್ರ ಸಣ್ಣ ದುಂಡು ಗುಡ್ಡ ಕಾಣ್ತಿತ್ತು, ಬಲಗಡೇದಕ್ಕೆ ಗುಡ್ಡನೇ ಇಲ್ಲ, ಗೆರೆ ಎಳೆದ ಹಾಗೆ ಚಪ್ಪಟೆ. ಕಾಯಿಲ್ ರೆಸಿಸ್ಟೆನ್ಸ್ ಸರಿ ಇದೆ, ಆದರೆ ಡೋಮ್ ಅಲುಗಾಡೋಕೆ ಏನೋ ಅಡ್ಡಿ. ಇದು ಫೆರೋಫ್ಲೂಯಿಡ್ ಒಣಗಿದ್ದರ ಲಕ್ಷಣ. ಮ್ಯಾಗ್ನೆಟ್ಟಿಗೆ ಅಂಟೋ ಈ ದ್ರವ 1963ರಲ್ಲಿ ನಾಸಾದಲ್ಲಿ ಸ್ಟೀವ್ ಪ್ಯಾಪೆಲ್ ಅನ್ನೋರು ರಾಕೆಟ್ ಇಂಧನದ ಕೆಲಸಕ್ಕೆ ಅಂತ ಕಂಡುಹಿಡಿದಿದ್ದು, 70ರ ದಶಕದಲ್ಲಿ ಸ್ಪೀಕರ್‌ಗಳಿಗೂ ಬಂತು. ವಾಯ್ಸ್ ಕಾಯಿಲ್‌ನ ಬಿಸಿಯನ್ನ ಲೋಹಕ್ಕೆ ದಾಟಿಸುತ್ತೆ, ರೆಸೊನೆನ್ಸ್‌ನೂ ಹದದಲ್ಲಿ ಇಡುತ್ತೆ. ವರ್ಷಗಳು ಕಳೆದ ಹಾಗೆ ಅದು ಗಟ್ಟಿಯಾಗಿ ಗೋಂದಾಗುತ್ತೆ, ಆಗ ಡೋಮ್ ಗೋಂದಿನಲ್ಲಿ ಸಿಕ್ಕಿ ಒದ್ದಾಡುತ್ತೆ. ಬಲಗಡೆ ಸಿಂಬಲ್ ಮಂಕಾಗಿದ್ದಕ್ಕೆ ಇದೇ ಮುಖ್ಯ ಕಾರಣ, ಕೆಪಾಸಿಟರ್ ಬದಲಾಯಿಸಿದ್ರೆ ಇದು ಜನ್ಮದಲ್ಲಿ ಸರಿ ಹೋಗ್ತಿರಲಿಲ್ಲ.

ಮುಂದಿನ ಪ್ಲೇಟಿನ ಸ್ಕ್ರೂ ತೆಗೆದು ಡೋಮನ್ನ ನೇರವಾಗಿ ಮೇಲೆತ್ತಿದೆ, ಸ್ಕ್ರೂಡ್ರೈವರ್ ಮ್ಯಾಗ್ನೆಟ್ ಹತ್ರ ಬಂದ್ರೆ ಎಳ್ಕೊಂಡು ಡೋಮ್‌ಗೆ ಚುಚ್ಚಿಬಿಡುತ್ತೆ, ಅದಕ್ಕೆ ಬಿಚ್ಚಿದ ತಕ್ಷಣ ಕಬ್ಬಿಣದ್ದು ಏನಿದ್ರೂ ಟೇಬಲ್‌ನ ಇನ್ನೊಂದು ತುದೀಲಿ ಇಟ್ಟೆ. ಹೀರೋ ಕಾಗದನ ಸಣ್ಣ ಪಟ್ಟಿ ಮಾಡಿ ಗ್ಯಾಪ್‌ನಲ್ಲಿ ಸುತ್ತಲೂ ಓಡಿಸಿದ್ರೆ ಕಂದು ಕಪ್ಪು ಗೋಂದು ಬರುತ್ತೆ, ಆಲ್ಕೋಹಾಲ್ ತಾಗಿಸಿ ತಾಗಿಸಿ ಕಾಗದ ಬಿಳಿಯಾಗೇ ವಾಪಸ್ ಬರೋ ತನಕ ಇದೇ ಕೆಲಸ. ಕಾಯಿಲ್ ಮೇಲಿದ್ದದ್ದನ್ನ ಹತ್ತಿ ಕಡ್ಡೀಲಿ ತುಂಬಾ ಹಗುರ ಕೈಯಲ್ಲಿ ಒರೆಸಿದೆ. ಹೊಸ ದ್ರವ ಎರಡೂ ಟ್ವೀಟರ್‌ಗೆ ಒಂದೇ ಬಾಟಲಿಯಿಂದ ಅಳತೆ ಮಾಡಿ ಹಾಕಿದೆ, ಎಡಗಡೇದು ಚೆನ್ನಾಗಿದ್ರೂ ಅದನ್ನೂ ಬಿಚ್ಚಿದೆ, ಯಾಕಂದ್ರೆ ಒಂದಕ್ಕೆ ಹೊಸದು ಇನ್ನೊಂದಕ್ಕೆ ಹಳೇದು ಇದ್ರೆ ಮತ್ತೆ ಜೋಡಿ ತಪ್ಪುತ್ತೆ. ಆಮೇಲಿನ ಅಳತೇಲಿ ಎರಡೂ ಗುಡ್ಡ ಒಂದೇ ಜಾಗ, ಒಂದೇ ಎತ್ತರ.

ಇಷ್ಟಾದ ಮೇಲೆ ಕ್ರಾಸ್‌ಓವರ್. ಕಾಯಿಲ್‌ಗಳು ಮುದಿಯಾಗಲ್ಲ, ತಾಮ್ರದ ಸುರುಳಿಗೆ ಏನೂ ಆಗಲ್ಲ, ಅದನ್ನ ಮುಟ್ಟಲಿಲ್ಲ. ವೂಫರ್‌ಗೆ ಸೀರೀಸ್‌ನಲ್ಲಿರೋ ಕಬ್ಬಿಣದ ಕೋರ್ ಕಾಯಿಲ್ ತೆಗೆದು ದಪ್ಪ ಏರ್-ಕೋರ್ ಹಾಕಿ ಅಂತ ಕೆಲವರು ಹೇಳ್ತಾರೆ, ಆದರೆ ಅದೇ ವ್ಯಾಲ್ಯೂನ ಏರ್-ಕೋರ್‌ಗೆ ಜಾಸ್ತಿ ವೈರ್ ಬೇಕು, ರೆಸಿಸ್ಟೆನ್ಸ್ ಏರುತ್ತೆ, ಅದು ವೂಫರ್‌ನ ಕ್ಯೂಟಿಎಸ್ ಏರಿಸಿ ಬಾಸ್ ಸ್ವಭಾವನೇ ಬದಲಾಯಿಸುತ್ತೆ.

ಎಲೆಕ್ಟ್ರೋಲಿಟಿಕ್ ಬೈಪೋಲಾರ್ (ಪ್ಲಸ್ ಮೈನಸ್ ಭೇದ ಇಲ್ಲದ) ಕೆಪಾಸಿಟರ್‌ಗಳೇ ಇಲ್ಲಿ ವಯಸ್ಸಾಗೋದು. ಒಂದು ಕಾಲು ಬೋರ್ಡ್‌ನಿಂದ ಎತ್ತಿ ಎಲ್‌ಸಿಆರ್ ಮೀಟರ್‌ನಲ್ಲಿ ಅಳೆದೆ, ಬೋರ್ಡ್ ಮೇಲೇ ಇಟ್ಟು ಅಳೆದ್ರೆ ಪಕ್ಕದ ಪಾರ್ಟ್‌ಗಳೂ ಸೇರಿ ಸುಳ್ಳು ನಂಬರ್ ಬರುತ್ತೆ. ಟ್ವೀಟರ್‌ದು 4.7 ಮೈಕ್ರೋಫ್ಯಾರಡ್ ಅಂತ ಬರೆದಿತ್ತು, ಬಲಗಡೇದು 5.6 ತೋರಿಸ್ತು, ಎಡಗಡೇದು 5.1. ಒಳಗಿನ ರೆಸಿಸ್ಟೆನ್ಸ್ ಅಂದ್ರೆ ಇಎಸ್‌ಆರ್ 1 ಓಮ್ ದಾಟಿತ್ತು. 8 ಓಮ್ ಲೋಡ್ ಅಂತ ಇಟ್ಕೊಂಡ್ರೆ 4.7ಕ್ಕೆ ಮೂಲೆ (ಅದಕ್ಕಿಂತ ಕೆಳಗೆ ಟ್ವೀಟರ್‌ಗೆ ಸಿಗ್ನಲ್ ಇಳೀತಾ ಹೋಗೋ ಜಾಗ) ಸುಮಾರು 4.2 ಕಿಲೋಹರ್ಟ್ಜ್‌ನಲ್ಲಿ, 5.6ಕ್ಕೆ ಸುಮಾರು 3.55ರಲ್ಲಿ, ಅಂದ್ರೆ ಟ್ವೀಟರ್‌ಗೆ ಬೇಡದ ಕೆಳಗಿನ ಫ್ರೀಕ್ವೆನ್ಸಿಗಳೂ ಹೋಗ್ತಿದ್ವು. ಟ್ವೀಟರ್ ಇಂಪೀಡೆನ್ಸ್ ನಿಜಕ್ಕೂ ಒಂದೇ 8 ಓಮ್ ಇರಲ್ಲ, ಇದು ಒರಟು ಲೆಕ್ಕ, ಆದರೂ ದಿಕ್ಕು ತೋರಿಸೋಕೆ ಸಾಕು.

ಟ್ವೀಟರ್ ಮತ್ತು ಮಿಡ್‌ಗೆ ಪಾಲಿಪ್ರೊಪಿಲೀನ್ ಫಿಲ್ಮ್ ಕೆಪಾಸಿಟರ್ ಹಾಕಿದೆ. ಅದರ ಇಎಸ್‌ಆರ್ ಹೆಚ್ಚು ಕಡಿಮೆ ಸೊನ್ನೆ, ಹೊಸ ಬೈಪೋಲಾರ್‌ನಲ್ಲೂ ಸ್ವಲ್ಪ ಇಎಸ್‌ಆರ್ ಇದ್ದೇ ಇರ್ತಿತ್ತು, ಅದನ್ನೂ ಲೆಕ್ಕಕ್ಕೆ ತಗೊಂಡೇ ಆಗಿನವರು ಟ್ವೀಟರ್ ಲೆವೆಲ್ ಕೂರಿಸಿರೋದು. ಸುಮ್ನೆ ಫಿಲ್ಮ್ ಹಾಕಿಬಿಟ್ರೆ ಟ್ವೀಟರ್ ಚುಚ್ಚೋಕೆ ಶುರು ಮಾಡುತ್ತೆ, ಜನ ಅದನ್ನೇ ಡೀಟೇಲ್ ಜಾಸ್ತಿ ಆಯ್ತು ಅಂತ ಮೆಚ್ಕೊಳ್ತಾರೆ. ನಾನು ಸೀರೀಸ್‌ನಲ್ಲಿ 0.47 ಓಮ್ ರೆಸಿಸ್ಟರ್ ಸೇರಿಸಿದೆ, 6 ಓಮ್ ಹತ್ರದ ಟ್ವೀಟರ್‌ಗೆ ಇದು ಸುಮಾರು 0.65 ಡಿಬಿ ಇಳಿಸುತ್ತೆ. ಚಿಕ್ಕ ನಂಬರ್ ಅನ್ಸುತ್ತೆ, ಆದರೆ ಟ್ವೀಟರ್ ನುಡಿಸೋ ಅಷ್ಟೂ ಫ್ರೀಕ್ವೆನ್ಸಿ ಉದ್ದಕ್ಕೂ ಅಷ್ಟು ಏರಿದ್ರೆ ಕಿವಿಗೆ ಗೊತ್ತಾಗುತ್ತೆ. ವೂಫರ್‌ಗೆ ಪ್ಯಾರಲಲ್ ಇರೋ 72 ಮೈಕ್ರೋಫ್ಯಾರಡ್ ಕೆಪಾಸಿಟರ್‌ಗೆ ಮತ್ತೆ ಹೊಸ ಬೈಪೋಲಾರನ್ನೇ ಹಾಕಿದೆ. ಅಷ್ಟು ಮೈಕ್ರೋಫ್ಯಾರಡ್‌ನ ಫಿಲ್ಮ್ ಗಾತ್ರ ವಿಪರೀತ ದೊಡ್ಡದು, ಬೋರ್ಡ್ ಮೇಲೆ ಕೂರಲ್ಲ, ಆ ಜಾಗದಲ್ಲಿ ಸ್ವಲ್ಪ ಇಎಸ್‌ಆರ್ ಇರೋದೇ ಫಿಲ್ಟರ್‌ಗೆ ಬೇಕಾದ ಡ್ಯಾಂಪಿಂಗ್ ಕೂಡ. ಎಡ ಬಲಕ್ಕೆ ಹಾಕೋ ಕೆಪಾಸಿಟರ್‌ಗಳನ್ನ ಅಳೆದು ಶೇಕಡಾ 1ರ ಒಳಗೆ ಹೊಂದೋ ಜೋಡಿ ಆರಿಸಿದೆ, ಹೆಸರಾಂತ ಬ್ರಾಂಡ್‌ಗಿಂತ ನನಗೆ ಇದೇ ಮುಖ್ಯ.

ಹಿಂದಿನ ಲೆವೆಲ್ ನಾಬ್‌ಗಳು ಒಳಗೆ ಪಾಚಿ ಹಿಡಿದ ಹಾಗೆ ಹಸಿರಾಗಿದ್ವು, ತಿರುಗಿಸಿದಾಗ ರೆಸಿಸ್ಟೆನ್ಸ್ ಹುಚ್ಚುಚ್ಚಾಗಿ ಜಿಗೀತಿತ್ತು. ಕ್ಲೀನರ್ ಸ್ಪ್ರೇ ಹಾಕಿದ್ರೆ ಕೆಲವು ತಿಂಗಳು ಸರಿ ಇರುತ್ತೆ, ಮತ್ತೆ ಅದೇ. ಮಧ್ಯದ ಗುರುತಿನಲ್ಲಿ 3 ಡಿಬಿ ಇಳಿಕೆ ಬರ್ತಿದ್ದದ್ದನ್ನ ಲೆಕ್ಕ ಹಾಕಿ, 2.4 ಓಮ್ ಸೀರೀಸ್, 20 ಓಮ್ ಪ್ಯಾರಲಲ್ ವೈರ್‌ವೌಂಡ್ ರೆಸಿಸ್ಟರ್ ಹಾಕಿ ಖಾಯಂ ಮಾಡಿದೆ. ನಾಬ್‌ಗಳನ್ನ ಕನೆಕ್ಷನ್ ಇಲ್ಲದೆ ಅಲ್ಲೇ ಬಿಟ್ಟೆ, ತೂತು ಮುಚ್ಚಿರ್ಬೇಕಲ್ಲ.

ಕೊನೇ ಟೆಸ್ಟ್ ಮೈಕ್‌ದು. ಕ್ಯಾಲಿಬ್ರೇಶನ್ ಫೈಲ್ ಇರೋ ಯುಎಸ್‌ಬಿ ಮೈಕ್, ಸ್ಪೀಕರ್ ಸ್ಟೂಲ್ ಮೇಲೆ ರೂಮಿನ ನಡುವೆ, ಟ್ವೀಟರ್ ಮತ್ತು ಮೈಕ್ ಎರಡೂ ನೆಲದಿಂದ 1.2 ಮೀಟರ್, ನಡುವೆ 1 ಮೀಟರ್. ನೆಲಕ್ಕೆ ಬಡಿದು ಬರೋ ಸದ್ದು 2.6 ಮೀಟರ್ ದಾರಿ ಸವೆಸುತ್ತೆ, ಅಂದ್ರೆ ನೇರ ಸದ್ದಿಗಿಂತ ಸುಮಾರು 4.7 ಮಿಲಿಸೆಕೆಂಡ್ ತಡ. ಅದು ಬರೋ ಮುಂಚೆನೇ ಅಳತೆ ಕತ್ತರಿಸಿದ್ರೆ ರೂಮ್‌ನ ಹಾವಳಿ ಇಲ್ಲದ ಗ್ರಾಫ್ ಸಿಗುತ್ತೆ, ಆದರೆ 210 ಹರ್ಟ್ಜ್‌ಗಿಂತ ಕೆಳಗೆ ಅದನ್ನ ನಂಬೋ ಹಾಗಿಲ್ಲ. ಕೆಳಗಿನದಕ್ಕೆ ಮೈಕನ್ನ ವೂಫರ್‌ನ ಡಸ್ಟ್ ಕ್ಯಾಪ್‌ನಿಂದ 1 ಸೆಂಟಿಮೀಟರ್ ದೂರದಲ್ಲಿಟ್ಟು ಬೇರೆ ಅಳತೆ, ಡಿ. ಬಿ. ಕೀಲ್ 1974ರಲ್ಲಿ ತೋರಿಸಿಕೊಟ್ಟ ನಿಯರ್-ಫೀಲ್ಡ್ ವಿಧಾನ ಇದು, 10 ಇಂಚಿನ ಕೋನ್‌ಗೆ ಸುಮಾರು 500 ಹರ್ಟ್ಜ್ ತನಕ ನಡೆಯುತ್ತೆ. ಎರಡನ್ನೂ ಮಧ್ಯದಲ್ಲಿ ಹೊಲಿದ್ರೆ ಪೂರ್ತಿ ಚಿತ್ರ. ಟ್ವೀಟರ್‌ನ ವೈರ್ ಒಂದು ಸಲ ಉಲ್ಟಾ ಮಾಡಿನೂ ಅಳೆದೆ, ಕ್ರಾಸ್‌ಓವರ್ ಜಾಗದಲ್ಲಿ ಎರಡೂ ಸ್ಪೀಕರ್‌ನಲ್ಲಿ ಒಂದೇ ಫ್ರೀಕ್ವೆನ್ಸೀಲಿ ಆಳವಾದ ಗುಂಡಿ ಬಿತ್ತು, ಅಂದ್ರೆ ಸರಿಯಾಗಿ ಜೋಡಿಸಿದಾಗ ಮಿಡ್ ಮತ್ತು ಟ್ವೀಟರ್ ಒಟ್ಟಿಗೆ ಹೆಜ್ಜೆ ಹಾಕ್ತಿವೆ.

ಕೆಲಸ ಶುರು ಮಾಡೋ ಮುಂಚೆ ತೆಗೆದಿಟ್ಟ ಗ್ರಾಫ್‌ನಲ್ಲಿ ಎಡ ಬಲದ ನಡುವೆ 5 ಕಿಲೋಹರ್ಟ್ಜ್ ಮೇಲೆ 5 ಡಿಬಿ ತನಕ ಅಂತರ ಇತ್ತು. ಈಗ 300 ಹರ್ಟ್ಜ್‌ನಿಂದ 10 ಕಿಲೋಹರ್ಟ್ಜ್ ತನಕ ಎಲ್ಲೂ 1 ಡಿಬಿ ದಾಟಲ್ಲ. ಅದೇ ಮೋನೋ ರೆಕಾರ್ಡಿಂಗ್ ಹಾಕಿ ಗೆಳೆಯನೊಬ್ಬನ್ನ ಕಣ್ಣು ಮುಚ್ಚಿ ಕೂರಿಸಿದ್ರೆ, "ಸೆಂಟರ್ ಸ್ಪೀಕರ್ ಬೇರೆ ತಂದ್ಯೇನೋ?" ಅಂದ.

700 ಹರ್ಟ್ಜ್ ಹತ್ರ ಒಂದೂವರೆ ಡಿಬಿಯ ತಗ್ಗು ಇನ್ನೂ ಇದೆ. ಕ್ರಾಸ್‌ಓವರ್‌ನಲ್ಲಿ ಒಂದು ಪಾರ್ಟ್‌ನ ವ್ಯಾಲ್ಯೂ ತಿದ್ದಿ ಅದನ್ನ ತುಂಬೋದು ಕಷ್ಟ ಅಲ್ಲ, ಸಾಫ್ಟ್‌ವೇರ್‌ನಲ್ಲಿ ಹಾಕಿ ನೋಡಿಯೂ ಆಯ್ತು. ಆದರೆ ತಗ್ಗು ಎರಡೂ ಸ್ಪೀಕರ್‌ನಲ್ಲಿ ಒಂದೇ ಜಾಗದಲ್ಲಿ, ಒಂದೇ ಆಳದಲ್ಲಿದೆ, ಅಂದ್ರೆ ಅದು ವಯಸ್ಸಿನಿಂದ ಬಂದಿದ್ದಲ್ಲ, ಡಿಸೈನ್ ಮಾಡಿದವರು ಹಾಗೇ ಬಿಟ್ಟಿರೋದು. ಅದನ್ನ ಮುಟ್ಟಲಿಲ್ಲ. ತೆಗೆದ ಹಳೇ ಕೆಪಾಸಿಟರ್‌ಗಳನ್ನ ಅಳತೆ ಬರೆದ ಚೀಟಿ ಜೊತೆ ಕವರ್‌ಗೆ ಹಾಕಿ, ಗ್ರಾಫ್ ಫೈಲ್‌ಗಳನ್ನೂ ತಾರೀಖಿನ ಸಮೇತ ಉಳಿಸಿದೀನಿ, ಫೋಮ್ ಇನ್ನಷ್ಟು ಪಳಗಿದ ಮೇಲೆ ವೂಫರ್‌ಗಳನ್ನ ಇನ್ನೊಂದು ಸಲ ಅಳೀಬೇಕು.